ಚಿಲಕ ತೆಗೆಯುವ ಹುಡುಗಿ

"ಫ್ಯಾನಿನ ಸದ್ದು ಇಲ್ಲಿ ತೆಗೆದುಬಿಡ್ತೀನಿ ಕಣೋ," ಎಂದಳು ಅಕ್ಕ, ಪರದೆಯಿಂದ ಕಣ್ಣು ಕೀಳದೆ. "ಅಲ್ಲೀತನಕ ಗರಗರ ಅಂತಿದ್ದದ್ದು ತಟ್ಟನೆ ನಿಲ್ಲಲಿ. ಬಾಗಿಲು ಬಡಿಯೋನನ್ನ ತೋರಿಸೋದೇ ಬೇಡ. ಹುಡುಗಿ ಮುಖದ ಮೇಲೇ ಇರೋಣ. ಅವನು ಹೇಗಿದಾನೆ ಅಂತ ನೋಡೋರು ತಾವೇ ಅಂದ್ಕೊಂಡು ಹೆದರ್ತಾರೆ."

ಹಿಂದಿನ ಕುರ್ಚಿಯಲ್ಲಿ ತಮ್ಮ ಹೂಂಗುಟ್ಟಿದ. ಅವನು ನಿರ್ದೇಶಕ, ಅವನ ನಾಲ್ಕೂ ಚಿತ್ರಗಳನ್ನು ಸಂಕಲನ ಮಾಡಿದವಳು ಅಕ್ಕ. ಅಮ್ಮ ಕೆಲಸಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಈ ಐದನೆಯದರ ಕಥೆ ಕೇಳಿದರೆ ಮಾತ್ರ, "ಸುಮ್ನೆ ನೋಡು, ಬೆಚ್ಚಿಬೀಳ್ತೀಯ," ಎಂದು ಜಾರಿಕೊಂಡಿದ್ದ.

ಪರದೆಯ ಮೇಲೆ ಏಳು ವರ್ಷದ ಹುಡುಗಿ, ನೆಲದ ಮೇಲೆ ಬೋರಲಾಗಿ ಮಲಗಿ ಮಗ್ಗಿ ಬರೆಯುತ್ತಿದ್ದಾಳೆ. ಮೆಟ್ಟಿಲ ಮೇಲೆ ಹೆಜ್ಜೆ. ಒಂದೇ ಒಂದು ಬಡಿತ. ಬಡಿತದ ಮುಂಚಿನ ಮೌನವನ್ನು ಅಕ್ಕ ಇನ್ನೆರಡು ಕ್ಷಣ ಎಳೆದಳು. ತನ್ನದೇ ಕೈಚಳಕಕ್ಕೆ ತೋಳಿನ ಕೂದಲು ನಿಮಿರಿದಾಗ ನಗುವೂ ಬಂತು. ಮುಂದಿನ ತುಣುಕು ತೆರೆದಳು.

ಒಳಕೋಣೆಯ ಬಾಗಿಲಲ್ಲಿ ತಾಯಿ, ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಾಳೆ. ಹೊರಗಿನಿಂದ ಬೆಣ್ಣೆಯಂಥ ದನಿ: "ಪುಟ್ಟೀ, ನಾನಮ್ಮಾ, ಅಪ್ಪ. ಇನ್ಮೇಲೆ ಹೊಡೆಯಲ್ಲ." ಹುಡುಗಿ ಸ್ಟೂಲು ಎಳೆದು, ಹತ್ತಿ, ಚಿಲಕ ತೆಗೆಯುತ್ತಾಳೆ.

ಅಕ್ಕನ ಕೈ ಮೌಸಿನ ಮೇಲೇ ನಿಂತಿತು. ತನಗೂ ಆಗ ಏಳೇ ವರ್ಷ; ಅವತ್ತು ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಅವತ್ತಿನಿಂದ ಅಮ್ಮನ ಎಡಗಿವಿಗೆ ಏನೂ ಕೇಳಿಸಲೇ ಇಲ್ಲ. ಚಿಲಕ ತೆಗೆದದ್ದು ಯಾರೆಂದು ಅಮ್ಮ ಸಾಯುವತನಕ ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಅಕ್ಕ ಹೇಳಿಕೊಂಡದ್ದೂ ಒಬ್ಬನಿಗೇ. ಅಮ್ಮ ಹೋದ ದಿನ, ಆಸ್ಪತ್ರೆಯಲ್ಲಿ, ತಮ್ಮನ ಭುಜಕ್ಕೆ ಹಣೆಯಿಟ್ಟು.

"ನಿನಗೊಬ್ಬನಿಗೇ ಹೇಳಿದ್ದೆನಲ್ಲೋ."

"ಯಾರಿಗೆ ಗೊತ್ತಾಗುತ್ತೆ ಅಕ್ಕಾ? ಮನೆ ಬೇರೆ, ಹೆಸರು ಬೇರೆ."

"ನನಗೆ ಗೊತ್ತಾಗಲ್ವಾ?"

"ಮೊದಲೇ ಕೇಳಿದ್ರೆ ನೀನು ಬೇಡ ಅಂತಿದ್ದೆ." ಅವನು ಕುರ್ಚಿ ಹತ್ತಿರ ಎಳೆದುಕೊಂಡು ದನಿ ತಗ್ಗಿಸಿದ. "ಒಂದೇ ಒಂದು ಹೇಳು. ಬಾಗಿಲು ತೆಗೆದ ಮೇಲೆ ಅಮ್ಮ ನಿನ್ನ ಹೇಗೆ ನೋಡಿದ್ಲು? ಆ ಶಾಟ್ ಒಂದು ನನಗೆ ಸಿಕ್ತಾ ಇಲ್ಲ."

ಅಕ್ಕ ಅವನ ಮುಖ ನೋಡಿದಳು. ತುತ್ತಿಗೆ ಬಾಯಿ ತೆರೆದು ಕಾಯುತ್ತಿದ್ದಾಗಿನ ಅವೇ ಕಣ್ಣುಗಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಕನ್ನಡಕ ಮಡಿಸಿ ಚೀಲಕ್ಕೆ ಹಾಕಿ ಎದ್ದಳು.

"ಬೇರೆ ಯಾರ ಕೈಲಾದ್ರೂ ಮಾಡಿಸ್ಕೋ."

"ಅಕ್ಕಾ, ಬರೀ ಸಿನಿಮಾ..."

ಅವಳು ಬಾಗಿಲೆಳೆದುಕೊಂಡು ಹೊರಗೆ ಬಂದಳು.

ಪರದೆಯ ಮೇಲಿದ್ದ ಅದೇ ಹುಡುಗಿ, ಡಬ್ಬಿಂಗಿಗೆ ಬಂದವಳು, ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು. "ಆಂಟಿ, ನಾನು ಬಾಗಿಲು ತೆಗೆದಿದ್ದು ನೋಡಿದ್ರಾ? ಒಂಬತ್ತು ಸಲ ತೆಗೆಸಿದ್ರು. ಸರಿಯಾಗಿ ಬಂದಿದ್ಯಾ?"

ಅಕ್ಕ ತನ್ನ ಚೀಲವನ್ನು ಎದೆಗವಚಿಕೊಂಡು ಅವಳೆದುರು ನಿಂತಳು. ಹುಡುಗಿ ಅವಳನ್ನೇ ಒಂದು ಗಳಿಗೆ ನೋಡಿ, ಪಕ್ಕದಲ್ಲಿಟ್ಟಿದ್ದ ಶಾಲೆಯ ಚೀಲವನ್ನು ತೊಡೆಗೆತ್ತಿಕೊಂಡು, ಬೆಂಚಿನ ತುದಿಗೆ ಸರಿದು ಜಾಗ ಮಾಡಿಕೊಟ್ಟಳು.