ಚೈತ್ರಾ ಒಬ್ಬಳಿಗೇ ಬರುವ ಕೆಲಸ

ಕಿಟಕಿಯ ಗಾಜು ನಡುಗುತ್ತಿದೆ, ಬಸ್ಸು ನಿಂತರೂ ಎಂಜಿನ್ ನಿಂತಿಲ್ಲ, ಹೊನ್ನಾಳಿ ಸೇತುವೆಯ ಮೇಲೆ ಮುಂದೊಂದು ಲಾರಿ ಕೆಟ್ಟಿದೆಯಂತೆ, ಇಳಿಯಾಕೆ ಜಾಗ ಇಲ್ಲ ಕೂತ್ಕಳ್ರಿ ಎನ್ನುತ್ತಾನೆ ಕಂಡಕ್ಟರ್, ಚೈತ್ರಾ ಕೂತೇ ಇದ್ದಾಳೆ, ಹನ್ನೊಂದಕ್ಕೆ ಟ್ರಸ್ಟ್ ನಡೆಸುವ ಓಂಕಾರ್ ಸಾರ್ ಫೋನ್ ಮಾಡುತ್ತಾರೆ, ಒಂದೇ ಪದ ಹೇಳಬೇಕು, ಕುಬರ್ನೆಟೀಸ್ ಇಲ್ಲವೇ ನೋಮ್ಯಾಡ್ — ನಾಲ್ಕು ತಾಲ್ಲೂಕಿನ ಆಂಬುಲೆನ್ಸ್‌ಗಳಿಗೆ ಕರೆ ತಲುಪಿಸುವ ಟ್ರಸ್ಟಿನ ತಂತ್ರಾಂಶ ಯಾವುದರ ಉಸ್ತುವಾರಿಯಲ್ಲಿ ಓಡಬೇಕು, ಒಂದು ಸರ್ವರ್ ಬಿದ್ದರೆ ಅದರ ಕೆಲಸ ಎತ್ತಿ ಇನ್ನೊಂದರ ಮೇಲೆ ಯಾವುದು ಕೂರಿಸಬೇಕು, ಅಷ್ಟೇ, ಅಷ್ಟೇ ಎಂದುಕೊಂಡು ಎರಡು ವರ್ಷದ ಹಿಂದೆ ಕುಬರ್ನೆಟೀಸ್ ತಂದವಳು ತಾನೇ, ಇದ್ದದ್ದು ಮೂರು ಮಷೀನು, ಮೂರಕ್ಕೆ ಅಷ್ಟು ದೊಡ್ಡದು ಬೇಕಿರಲಿಲ್ಲ, ಚನ್ನಗಿರಿಯಲ್ಲಿ ಕೂತವಳಿಗೂ ಅದು ಬರುತ್ತದೆಂಬ ಹೆಮ್ಮೆ ಬೇಕಿತ್ತು, ಈಗ ಅವಳೊಬ್ಬಳಿಗೇ ಬರುತ್ತದೆ, ಸ್ನಾನಕ್ಕೆ ಹೋದರೂ ಬಾಗಿಲಾಚೆ ಫೋನು, ರಜೆ ಕೇಳಿದರೆ ಓಂಕಾರ್ ಸಾರ್ ನಗುತ್ತಾರೆ, ಮುಂದಿನ ತಿಂಗಳು ತಗೊಳ್ರಿ ಮೇಡಂ, ಈಗ ನೀವಿಲ್ದಿದ್ರೆ ಹೆಂಗೆ.

ನೋಮ್ಯಾಡ್ ಚಿಕ್ಕದು, ಒಂದು ಫೈಲ್ ಓದಿದರೆ ಯಾವುದು ಎಲ್ಲಿ ಓಡುತ್ತಿದೆ ತಿಳಿಯುತ್ತದೆ, ನ್ಯಾಮತಿ ಕರೆ ಕೇಂದ್ರದ ಮಾರುತಿ, ಕಂಪ್ಯೂಟರ್ ರಿಪೇರಿ ಮಾಡಿಕೊಂಡೇ ಬಂದವರು, ಆ ಫೈಲ್ ಓದಿ ಅಂದರು, ಇದು ನಮ್ಗೂ ತಿಳೀತೈತೆ ಬಿಡ್ರಿ — ಸಂತೋಷವಾಗಬೇಕಿತ್ತು, ಚುಚ್ಚಿತು, ಎಲ್ಲರಿಗೂ ತಿಳಿದರೆ ತಾನ್ಯಾರು, ಛೀ, ಹೋದ ತಿಂಗಳು ಅವ್ವನ ಕಣ್ಣಿನ ಆಪರೇಷನ್ನಿಗೆಂದು ಫೋನ್ ಆರಿಸಿದ್ದು ಐವತ್ತೇ ನಿಮಿಷ, ಹಿಂದಿನ ದಿನ ಕುಬರ್ನೆಟೀಸ್‌ನಲ್ಲಿ ತಾನು ಬದಲಿಸಿದ್ದ ಒಂದು ಸಾಲು ತಪ್ಪಾಗಿ, ಅದೇ ಐವತ್ತು ನಿಮಿಷ ಯಾವ ಗಾಡಿಗೂ ಕರೆ ಹೋಗಲಿಲ್ಲ, ಮಾರುತಿ ಪರದೆ ನೋಡುತ್ತ ಕೂತಿದ್ದರಂತೆ, ಎಲ್ಲಿ ಕೈ ಹಾಕಬೇಕೆಂದು ತಿಳಿಯದೆ, ಜಗಳೂರು ಕಡೆ ಬಿಳಿಚೋಡಿನ ಹತ್ತಿರ ಕೊಲ್ಲಾಪುರಮ್ಮ ಎಂಬ ಬಸುರಿ ರಸ್ತೆಬದಿಯಲ್ಲೇ ಹೆತ್ತಳು, ಮಗು ಉಳಿಯಿತು, ತಾಯಿಯೂ ಉಳಿದಳು, ಆದರೆ ಡ್ರೈವರ್ ಸಣ್ಣತಿಮ್ಮಪ್ಪ ಹೇಳಿದ್ದು ಕಿವಿಯಿಂದ ಹೋಗುವುದಿಲ್ಲ, ನಾನು ಎಲ್ಡೇ ಮೈಲಿ ದೂರದಾಗೆ ಸುಮ್ನೆ ಕುಂತಿದ್ದೆ ಮೇಡಂ, ಕರೇನೇ ಬರ್ಲಿಲ್ಲ, ಹೋದಾಗ ಅವಳತ್ತೆ ಒಬ್ಳೇ ಸೀರೆ ಅಡ್ಡ ಹಿಡ್ಕಂಡು ನಿಂತಿದ್ಲು, ಹೋಗಾ ಬರಾ ಗಾಡಿಯೋರಿಗೆ ಕಾಣ್ದಂಗೆ.

ಒಬ್ಬಳೇ, ಎರಡೂ ಕೈ ಚಾಚಿ — ಫೋನು, ಹನ್ನೊಂದಾಯಿತು, ನೋಮ್ಯಾಡ್ ಸಾರ್ ಎನ್ನುತ್ತಿದ್ದಾಳೆ ಚೈತ್ರಾ, ತನ್ನದೇ ದನಿ, ಮಾರುತಿಯವರಿಗೂ ಬರಬೇಕು ಸಾರ್, ದೊಡ್ಡದನ್ನು ತಂದ ತಪ್ಪು ನನ್ನದೇ, ಆಗ್ಲಿ ಬಿಡ್ರಿ ಎನ್ನುತ್ತಾರೆ ಓಂಕಾರ್ ಸಾರ್, ಪೂರಾ ಬದಲಾಯಿಸಾಕೆ ಎಷ್ಟು ದಿನ ಬೇಕು, ಆರು ತಿಂಗಳು ಸಾರ್, ಹಂಗಾರೆ ಅಲ್ಲೀತನಕ ಹಳೇದು ಹೊಸದು ಎಲ್ಡೂ ನೀವೇ ನೋಡ್ಕಳ್ರಿ, ಇನ್ಯಾರಿಗೆ ಬರ್ತೈತೆ — ಫೋನ್ ಇಟ್ಟರು, ಎರಡೂ, ಈಗ ಎರಡೂ ಅವಳದೇ, ಆ ಮುದುಕಿ ಎಷ್ಟು ಹೊತ್ತು ನಿಂತಿದ್ದಳೋ, ಕೇಳಲೇ ಇಲ್ಲ, ಗಾಳಿ ಸೀರೆಯನ್ನು ಎಳೆದಿರಬೇಕು, ರಟ್ಟೆ ಸೋತಿರಬೇಕು, ಇಳಿಸುವಂತಿಲ್ಲ, ಸೀರೆ, ಚಾಚಿದ ಎರಡು ಕೈ, ಇಳಿಸುವಂತಿಲ್ಲ, ಸೀರೆ —