ಬೇಬಿ ಚಂದ್ರಾಳ ಸ್ಯಾಟಿನ್ ಫ್ರಾಕು

ಆ ಗುಲಾಬಿ ಫ್ರಾಕನ್ನು ಕಂಡರೆ ಸಿದ್ದೇಶ್ವರಿಗೆ ಆಗುತ್ತಿರಲಿಲ್ಲ. ಅಮೆರಿಕದ ಷಾರ್ಲೆಟ್ ಊರಿನ ಬ್ಯಾಲಂಟೈನ್ ಬಡಾವಣೆಯಲ್ಲಿದ್ದ ಮಗನ ಮನೆಯಲ್ಲಿ ಸೊಸೆ ಶ್ರಾವಣಿ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಬೆಳಗಿನಿಂದ ಫೋಟೋ ಹೊಡೆಯುತ್ತಿದ್ದಳು. ಅನ್ನ ಉಣ್ಣುವ ಜಾಗದಲ್ಲಿ ತೊಂಬತ್ತು ವರ್ಷದ ಹಳೆಯ ಬೆವರು!

ಹುಬ್ಬಳ್ಳಿಯಿಂದ ಅದನ್ನು ಸೂಟ್‌ಕೇಸಿನಲ್ಲಿ ತಂದವಳು ಸಿದ್ದೇಶ್ವರಿಯೇ. ಸತ್ತ ತಾಯಿಯ ಬಟ್ಟೆ, ಎಸೆಯಲು ಕೈ ಬಂದಿರಲಿಲ್ಲ. ತಾಯಿ ಚಂದ್ರವ್ವ ಮೂಕಿ ಚಿತ್ರಗಳ ಕಾಲದಲ್ಲಿ ಬೇಬಿ ಚಂದ್ರಾ ಆಗಿದ್ದವಳು. ಐದನೇ ವಯಸ್ಸಿನಿಂದ ಒಂಬತ್ತರವರೆಗೆ ಪರದೆಯ ಮೇಲೆ ಅತ್ತಳು, ನಕ್ಕಳು, ಕಳೆದುಹೋದಳು, ಮತ್ತೆ ಸಿಕ್ಕಳು. ಚಿತ್ರಗಳಿಗೆ ಮಾತು ಬಂದಾಗ ಇವಳ ಕೀರಲು ದನಿ ಯಾರಿಗೂ ಬೇಡವಾಯಿತು. ಉಳಿದದ್ದು ಪಾತ್ರಗಳಿಗೆ ತೊಟ್ಟ ಬಟ್ಟೆಗಳಷ್ಟೇ: ಬಾಲಕೃಷ್ಣನ ರೇಷ್ಮೆ ಚಲ್ಲಣ, ರಾಜಕುಮಾರನ ಮಖಮಲ್ಲಿನ ಅಂಗಿ, ಕಲೆಕ್ಟರನ ಮಗಳ ಈ ಸ್ಯಾಟಿನ್ ಫ್ರಾಕು.

ಕೋವಿಡ್ ಕಳೆದ ಮೇಲೆ ಷಾರ್ಲೆಟ್ಟಿನ ಕನ್ನಡಿಗರು ಮೊದಲ ಬಾರಿ ದೊಡ್ಡದಾಗಿ ರಾಜ್ಯೋತ್ಸವ ಮಾಡುವವರಿದ್ದರು. ಮಕ್ಕಳಿಗೆ ಹಳೆಯ ಸಿನಿಮಾ ವೇಷದ ಫ್ಯಾಷನ್ ಶೋ. ಎಂಟು ವರ್ಷದ ಅಮೂಲ್ಯಾ ಮುತ್ತಜ್ಜಿಯ ಫ್ರಾಕು ತೊಟ್ಟು ಮುಖ್ಯ ಆಕರ್ಷಣೆಯಾಗಿ ವೇದಿಕೆಗೆ ಎಲ್ಲರಿಗಿಂತ ಕೊನೆಗೆ ಬರಬೇಕೆಂದು ಶ್ರಾವಣಿ ತೀರ್ಮಾನಿಸಿದ್ದಳು. ಆದರೆ ಬೆನ್ನಿನ ಹುಕ್ಕುಗಳು ಏನು ಮಾಡಿದರೂ ಕೂಡಲಿಲ್ಲ.

“ಒಂಬತ್ತು ವರ್ಷದ ಹುಡುಗಿ ಹಾಕಿದ್ದು ಅಂತ ನೀವೇ ಹೇಳಿದ್ರಿ ಅತ್ತೆ. ಇವಳಿಗೆ ಎಂಟು, ಹೇಗೆ ಟೈಟ್ ಆಗುತ್ತೆ? ಪಿಜ್ಜಾ, ಚೀಸ್ ಎಲ್ಲ ಜಾಸ್ತಿ ಆಗಿದೆ. ಶೋ ಮುಗಿಯೋವರೆಗೂ ಅದೆಲ್ಲ ಕಟ್ ಮಾಡೋಣ.”

ಸಿದ್ದೇಶ್ವರಿ ಫ್ರಾಕನ್ನು ಒಳಹೊರಗು ಮಾಡಿದಳು. ಬೆಳೆಯುವ ಮಕ್ಕಳ ಬಟ್ಟೆಗೆ ಒಳಗೆ ಮಡಿಕೆ ಬಿಟ್ಟು ಹೊಲಿಸುವುದು ನಮ್ಮಲ್ಲಿ ರೂಢಿ. ಮಗು ಎತ್ತರವಾದಂತೆ ಒಂದೊಂದೇ ಮಡಿಕೆ ಬಿಚ್ಚುತ್ತಾರೆ, ಬಿಚ್ಚಿದ ಕಡೆ ಬಣ್ಣ ಮಾಸದ ಗೆರೆ ಉಳಿಯುತ್ತದೆ. ಈ ಫ್ರಾಕಿನಲ್ಲಿ ಅಂಥ ಗೆರೆ ಒಂದೂ ಇರಲಿಲ್ಲ.

“ಇಲ್ಲೆ ನೋಡವಾ. ಒಂದರ ಮಡಿಕಿ ಬಿಚ್ಯಾರೇನು? ಐದು ವರ್ಷಕ್ಕ ಹೊಲಿಸಿದ್ದು ಒಂಬತ್ತಕ್ಕೂ ಆತು. ನಮ್ಮವ್ವನ್ನ ಬೆಳೀಲಿಕ್ಕೆ ಬಿಡಲಿಲ್ಲ. ನಮ್ಮಜ್ಜ ಸೋಮಲಿಂಗಪ್ಪ ಹೆತ್ತ ಮಗಳಿಗೆ ಬರೇ ಗಂಜಿ ಕುಡಿಸಿದ. ‘ನೀ ಬೆಳೆದ್ರ ನಮ್ಮ ಮನಿ ಒಲಿ ಆರತೈತಿ’ ಅಂತಿದ್ದ. ಈ ಸುಡುಗಾಡು ಅಂಗಿ ನನ್ನ ಮೊಮ್ಮಗಳಿಗೆ ಹಾಕಬ್ಯಾಡ.”

ಶ್ರಾವಣಿಯ ಕಣ್ಣು ತುಂಬಿ ಬಂತು. “ಓ ಮೈ ಗಾಡ್, ಎಂಥಾ ಡೆಡಿಕೇಶನ್ ಅತ್ತೆ! ಇದನ್ನ ಸ್ಟೇಜಲ್ಲಿ ಅನೌನ್ಸ್ ಮಾಡಿಸ್ತೀನಿ.”

ಡೆಡಿಕೇಶನ್ ಅಂತೆ! ಕೂಸಿನ ಹೊಟ್ಟೆಗೆ ಹೊಡೆದು ತಿಂದ ಮುದುಕನಿಗೂ ಒಂದು ಹಾರ ಹಾಕಿಬಿಡು ಅನ್ನಬೇಕೆನಿಸಿತು ಸಿದ್ದೇಶ್ವರಿಗೆ. ಮಗ ಶಶಿಕಾಂತನ ಕಡೆ ನೋಡಿದಳು. ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ಒಂದು ವಾರ ಅಷ್ಟ ಅವ್ವಾ, ಬಿಡು,” ಎಂದ. ಕಾಲದಿಂದ ಕಾಲಕ್ಕೆ ಗಂಡಸರು ಹೀಗೆಯೇ ಬಿಡುತ್ತಾ ಬಂದಿದ್ದಾರೆ.

ಅಂದಿನಿಂದ ಅಮೂಲ್ಯಾಳ ತಟ್ಟೆಗೆ ಸೌತೆಕಾಯಿ, ಸೂಪು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಇವರ ಮನೆಯಲ್ಲಿ ಹಿಟ್ಟು ಗ್ಯಾರೇಜಿನ ತುಂಬ ಇತ್ತು, ಮಗುವಿಗೆ ಮಾತ್ರ ಇರಲಿಲ್ಲ.

ರಾಜ್ಯೋತ್ಸವದ ದಿನ, ಸಮಾರಂಭಕ್ಕೆ ಬಾಡಿಗೆ ಹಿಡಿದ ಹೈಸ್ಕೂಲಿನ ಗ್ರೀನ್‌ರೂಮಿನಲ್ಲಿ ಹುಕ್ಕುಗಳು ಕೂಡಿದವು. “ಸೋ ಕ್ಯೂಟ್!” ಎಂದು ಆಂಟಿಯರೆಲ್ಲ ಮುಗಿಬಿದ್ದರು. ಒಬ್ಬಳು ತನ್ನ ಮಗಳಿಗೂ ಆ ಡಯಟ್ ಬೇಕೆಂದು ಕೇಳಿ ಫೋನಿನಲ್ಲಿ ಬರೆದುಕೊಂಡಳು. ಸಿದ್ದೇಶ್ವರಿಗೆ ಅವರ ಸೆಂಟು, ಹೇರ್‌ಸ್ಪ್ರೇ, ಹೊಗಳಿಕೆ ಎಲ್ಲವೂ ಒಂದೇ ನಾತವೆನಿಸಿತು.

ಶ್ರಾವಣಿ ಅತ್ತ ಹೋದದ್ದೇ ತಡ, ಸಿದ್ದೇಶ್ವರಿ ಸೆರಗಿನಲ್ಲಿ ಮುಚ್ಚಿ ತಂದಿದ್ದ ಹೋಳಿಗೆಯ ತುಂಡನ್ನು ಮೊಮ್ಮಗಳ ಬಾಯಿಗಿಟ್ಟಳು. ಮಗು ಕಣ್ಣು ಮುಚ್ಚಿ ಅಗಿಯಿತು. ಬಹಳ ಹೊತ್ತು ಅಗಿಯಿತು. ಆಮೇಲೆ ಟಿಶ್ಯೂ ಎಳೆದು ಅದನ್ನೆಲ್ಲ ನೀಟಾಗಿ ಉಗಿದು, ಮಡಿಸಿ, ಕಸದ ಬುಟ್ಟಿಗೆ ಹಾಕಿ ನಕ್ಕಿತು.

“ಸೀ ಅಜ್ಜಿ? ಟೇಸ್ಟ್ ಮಾತ್ರ. ಐ ಆಮ್ ರಿಯಲಿ ಗುಡ್ ಅಟ್ ಇಟ್.”

ಸಿದ್ದೇಶ್ವರಿ ಮಗುವನ್ನು ತಿರುಗಿಸಿ ನಿಲ್ಲಿಸಿ ಹುಕ್ಕುಗಳನ್ನು ಸರಸರನೆ ಬಿಚ್ಚಿದಳು. ಫ್ರಾಕನ್ನು ನೆಲದ ಮೇಲೆಯೇ ಬಿಟ್ಟು, ತನ್ನ ಸ್ವೆಟರು ತೊಡಿಸಿ, ಕೈ ಹಿಡಿದು ಕೆಫೆಟೇರಿಯಾಕ್ಕೆ ಕರೆದೊಯ್ದಳು. ಬಡಿಸಲು ಇನ್ನೂ ಶುರುವಾಗಿರಲಿಲ್ಲ. ಕೇಳುವವರಾರು? ಅವಳೇ ಮುಚ್ಚಳ ತೆಗೆದು ಬಿಸಿಬೇಳೆಬಾತು ಬಡಿಸಿಕೊಂಡು ಮಗುವನ್ನು ಕೂರಿಸಿದಳು.

ಶ್ರಾವಣಿ ಫೋನು ಹಿಡಿದೇ ಓಡಿ ಬಂದಳು. “ಅತ್ತೆ, ಏನ್ ಮಾಡ್ತಿದೀರಿ? ಅವಳ ಹೆಸರು ಕರೀತಿದಾರೆ! ಎಲ್ರೂ ವೇಟ್ ಮಾಡ್ತಿದಾರೆ!”

“ಮಾಡ್ಲಿ. ನಮ್ಮವ್ವನ್ನ ಆ ವೇಷದಿಂದ ಬಿಡಿಸಿಕೊಂಡು ಹೋಗಾಕ ಒಬ್ಬರೂ ಬರಲಿಲ್ಲ. ಈಕಿಗೆ ನಾ ಅದೀನಿ.” ಸಿದ್ದೇಶ್ವರಿ ಒಂದು ತುತ್ತು ಕಲಸಿ ಮೊಮ್ಮಗಳ ಬಾಯಿಗಿಟ್ಟಳು.

ಅಮೂಲ್ಯಾ ಅಗಿದಳು, ನಿಲ್ಲಿಸಿದಳು. ಅಜ್ಜಿಯನ್ನು ಅವಳು ನೋಡಲಿಲ್ಲ. ಉಬ್ಬಿದ ಕೆನ್ನೆಯಲ್ಲಿಯೇ ಅಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಮಮ್ಮಿ, ನುಂಗ್ಲಾ?”

ಶ್ರಾವಣಿ ಫೋನು ಕೆಳಗಿಳಿಸಿದಳು. ಸೊಸೆಗೆ ಬೈಯಲೆಂದು ವಾರದಿಂದ ಕೂಡಿಟ್ಟ ಬೈಗುಳವನ್ನೆಲ್ಲ ಸಿದ್ದೇಶ್ವರಿ ಮರೆತಳು. ಮಗು ಬಾಯಿ ತುಂಬ ಅನ್ನವಿಟ್ಟುಕೊಂಡು ಅಪ್ಪಣೆಗೆ ಕಾಯುತ್ತಾ ಕೂತಿತ್ತು.