ಎದುರು ಕಟ್ಟೆಯ ಸೀರೆ

ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ. ನಮ್ಮೂರು ತುರೋರಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಕಲ್ಯಾಣಪ್ಪನ ಹೆಂಡತಿ ಕಸ್ತೂರಬಾಯಿ ಒಂದು ಮಾತನ್ನು ಒಂದು ಗಳಿಗೆ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಯಾರೂ ಕಂಡಿಲ್ಲ. ಅಂಥವಳು ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆದ ಮೇಲಿನ ಎರಡನೆಯ ಯುಗಾದಿ ಪಾಡ್ಯದ ದಿನ, ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ತುಟಿ ಹೊಲಿದುಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ಕಾರಣ, ಎದುರು ಮನೆಯ ಶೇವಂತಾಬಾಯಿ ಏರಿಸಿದ ಗುಡಿ.

ನಮ್ಮ ಕಡೆ ಯುಗಾದಿಗೆ ಕನ್ನಡ ಮಾತಾಡುವವರೂ ಮರಾಠಿಯವರ ಹಾಗೆ ಮನೆ ಮುಂದೆ ಗುಡಿ ಏರಿಸುತ್ತೇವೆ. ಬಿದಿರ ಗಳದ ತುದಿಗೆ ಮನೆಯಲ್ಲಿರುವುದರಲ್ಲೇ ಒಳ್ಳೆಯ ಸೀರೆ, ಬೇವಿನ ಟೊಂಗೆ, ಸಕ್ಕರೆ ಹಾರ ಕಟ್ಟಿ, ಮೇಲೊಂದು ತಂಬಿಗೆ ಬೋರಲು ಹಾಕಿ ಬಾಗಿಲ ಬದಿಗೆ ನಿಲ್ಲಿಸುವುದು. ಹೊತ್ತು ಮುಳುಗುವ ತನಕ ಇಳಿಸುವಂತಿಲ್ಲ. ಅಂದರೆ ಓಣಿಯವರೆಲ್ಲರ ಟ್ರಂಕಿನ ಸೀರೆ ವರ್ಷಕ್ಕೊಂದು ದಿನ ಹೊರಗೆ ಬಂದು ಬಿಸಿಲಿಗೆ ನಿಲ್ಲುತ್ತದೆ. ನೋಡುವ ಕಣ್ಣಿರಬೇಕು, ಅಷ್ಟೆ. ಆ ಕಣ್ಣು ನನಗಿತ್ತು.

ಇತ್ತು ಯಾಕೆಂದರೆ, ನನ್ನ ಮದುವೆಯ ಹಸಿರು ಇಳಕಲ್ಲು ಸೀರೆ ಕಳವಾಗಿತ್ತು. ರಜಾಕಾರರ ಗದ್ದಲದಲ್ಲಿ, ಶ್ರಾವಣ ಮಾಸ, ಉಟ್ಟ ಬಟ್ಟೆಯಲ್ಲೇ ನಾವು ಗಾಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿದೆವು. ನಿಜಾಮನ ಆಳ್ವಿಕೆ ಮುಗಿದು ದೀಪಾವಳಿಯ ಹೊತ್ತಿಗೆ ತಿರುಗಿ ಬಂದರೆ ಮನೆಗೆ ಬಾಗಿಲಿಲ್ಲ, ಟ್ರಂಕಿಗೆ ಮುಚ್ಚಳವಿಲ್ಲ, ಒಲೆಯ ಮೇಲೆ ಒಂದು ಮಡಕೆ ಸಹ ಇಲ್ಲ. ಊರವರೆಲ್ಲ ರಜಾಕಾರರು ಒಯ್ದರು ಅಂದರು. ಕುದುರೆಯ ಮೇಲೆ ಬಂದು ಬಂದೂಕು ಹಿಡಿದವನು ನನ್ನ ಲಟ್ಟಣಿಗೆ ಒಯ್ಯುತ್ತಾನೆಯೇ? ಒಯ್ದವರು ಇಲ್ಲಿಯವರೇ ಎಂದು ನಾನು ಅಂದೇ ತೀರ್ಮಾನಿಸಿದ್ದೆ.

ಅಂದಿನಿಂದ ನನಗೆ ಅದೇ ಕೆಲಸ. ಕೆಂಡ ಕೇಳುವ ನೆಪದಲ್ಲಿ ಒಬ್ಬೊಬ್ಬರ ಅಡುಗೆಮನೆ ಹೊಕ್ಕು ಬಂದೆ. ಮದುವೆಗೆ ಹೋದರೆ ವಧುವಿನ ಮುಖ ನೋಡದೆ, ಬಂದ ಹೆಂಗಸರ ಸೀರೆಯ ಅಂಚು ನೋಡಿದೆ. ಕುರಿ ಕಾಯುವ ಧೂಳಪ್ಪನ ಹೆಂಡತಿ ಬಂಡಮ್ಮ ಒಂದು ದಿನ ಹಸಿರು ಸೀರೆ ಉಟ್ಟು ಬಂದಳು. ಬಾವಿಯ ಕಟ್ಟೆಯ ಮೇಲೆ ಎಲ್ಲರೆದುರು ಅವಳ ಸೆರಗು ಹಿಡಿದು ತಿರುಗಿಸಿ ನೋಡಿಬಿಟ್ಟೆ. ಅದು ನನ್ನದಲ್ಲ, ಸೊಲ್ಲಾಪುರದ ನೂಲಿನ ಸೀರೆ. ಬಂಡಮ್ಮ ಅವತ್ತಿನಿಂದ ನನ್ನ ಮನೆಗೆ ಮಜ್ಜಿಗೆ ತರುವುದನ್ನು ಬಿಟ್ಟಳು. ಬಿಟ್ಟರೆ ಬಿಡಲಿ ಅಂದುಕೊಂಡೆ.

ಮೊದಲ ವರ್ಷದ ಯುಗಾದಿಗೆ ಗುಡಿಗೆ ಕಟ್ಟಲು ಸೀರೆಯಿರಲಿಲ್ಲ, ಬರೀ ಬೇವಿನ ಟೊಂಗೆ ಸಿಕ್ಕಿಸಿ ಕೈ ಮುಗಿದೆವು. ಈ ವರ್ಷ ಹಾಗಾಗಬಾರದೆಂದು ಹಟ ನನಗೆ. ಎಂಟು ದಿನ ಮುಂಚೆಯೇ ಕಟ್ಟೆಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಂಚಿಗೆ ಸುಣ್ಣದ ಗೆರೆ ಎಳೆದೆ. ಬಾಗಿಲಿಗೆ ಮಾವು-ಬೇವಿನ ತೋರಣ. ಗುಡಿಗೆ ಉಮರ್ಗಾದ ಬಜಾರಿನಿಂದ ಇವರು ತಂದ ಹೊಸ ಸೀರೆ. ಅದರ ಮೇಲೆ ತಾಮ್ರದ ತಂಬಿಗೆ.

ಈ ತಂಬಿಗೆ ಮೊದಲು ನಮ್ಮದಲ್ಲ. ಓಣಿಯ ತುದಿಯಲ್ಲಿ ಬಳೆ ತೊಡಿಸುವ ಮಾಲನಬಿಯ ಮನೆ. ಪೊಲೀಸ್ ಆಕ್ಷನ್ ಆದ ವಾರ, ರಜಾಕಾರರ ಮೇಲಿನ ಸಿಟ್ಟು ತಮ್ಮ ಮೇಲೆ ಬಿದ್ದೀತೆಂದು ಹೆದರಿ ಹೈದರಾಬಾದಿಗೆ ಹೋದವರು ತಿರುಗಿ ಬಂದಿಲ್ಲ. ನಾವು ಸೊಲ್ಲಾಪುರದಿಂದ ಬಂದ ಹೊಸತು, ನೀರು ಕುಡಿಯಲು ಒಂದು ಪಾತ್ರೆಯಿಲ್ಲ. ಅವಳ ಅಂಗಳದಲ್ಲಿ ಇದು ಅನಾಥವಾಗಿ ಬಿದ್ದಿತ್ತು. ಬಿಟ್ಟರೆ ಯಾರೋ ಒಯ್ಯುತ್ತಿದ್ದರು, ತಂದೆ. ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಅವಳ ಹೆಸರು ಕೊರೆದಿದೆ, ಉರ್ದು ಅಕ್ಷರ. ನನಗೆ ಓದಲು ಬಾರದು.

ಗುಡಿ ನಿಲ್ಲಿಸಿ, ಅರಿಷಿಣ ಕುಂಕುಮ ಹಚ್ಚಿ ತಲೆಯೆತ್ತಿದರೆ, ಎದುರು ಕಟ್ಟೆಯ ಮೇಲೆ ನನ್ನ ಸೀರೆ.

ಹಸಿರು ಒಡಲು, ಕೆಂಪು ಸೆರಗು. ಅವ್ವ ಕೊಟ್ಟ ಸೀರೆ ನನಗೆ ಗುರುತು ಸಿಗದೆ? ಓಣಿ ನಾಲ್ಕೇ ಹೆಜ್ಜೆ ಅಗಲ. ಒಂದು ಹೆಜ್ಜೆ ಇಟ್ಟೂ ಬಿಟ್ಟಿದ್ದೆ, ಹಿಂದಿನಿಂದ ಇವರು ಕೈ ಹಿಡಿದರು.

"ಎಲ್ಲಿಗಿ ಹೊಂಟಿ?"

"ಕಾಣಸಂಗಿಲ್ಲೇನ್ರೀ? ಅಕಿ ಗುಡಿಗಿ ಕಟ್ಯಾಳಲ್ಲ, ನನ್ನ ಸೀರಿ ಅದು."

ಅವರು ಒಂದು ಸಲ ನೋಡಿದರು. "ಇದ್ದೀತು. ಆದ್ರ ಇವತ್ತ ಪಾಡ್ವಾ ಅದಾ. ಇವತ್ತ ಬಾಯಾಗಿಂದ ಏನ್ ಬಂತೋ ವರ್ಷಪೂರ್ತಿ ಅದೇ ಬರ್ತದ. ಸಂಜಿಗಿ ಶೇವಂತಾಬಾಯಿ ನಮ್ಮ ಕಾಂತಾನ್ನ ಕೇಳಲಿಕ್ಕ ಬರೂದದ, ಮರತೀಯೇನು?"

ಮರೆತಿರಲಿಲ್ಲ. ಮರೆತಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಶೇವಂತಾಳ ಒಬ್ಬನೇ ಮಗ ರೇವಣಪ್ಪ. ನನ್ನ ಮಗಳು ಕಾಂತಾ ಅವನ ಹೆಸರು ಕೇಳಿದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾಳೆ. ಗಂಡಸರು ಮಾತಾಡಿಕೊಂಡಾಗಿತ್ತು. ಗುಡಿ ಇಳಿದ ಮೇಲೆ ಶೇವಂತಾ ಸಕ್ಕರೆ ಹಾರ ತಂದು ಕಾಂತಾಳ ಕೊರಳಿಗೆ ಹಾಕುವುದು, ನಾನು ಹೂಂ ಅನ್ನುವುದು, ಇಷ್ಟೇ ಉಳಿದಿತ್ತು. ಇಪ್ಪತ್ತು ವರ್ಷ ಎದುರುಬದುರು ಬಾಳಿದವಳು, ನಾನು ಹೆತ್ತಾಗ ಬಿಸಿನೀರು ಕಾಯಿಸಿದವಳು. ಕಳ್ಳರ ಮನೆಗೆ ಮಗಳನ್ನು ಕೊಡಲೇ? ಒಲ್ಲೆ ಅಂದರೆ ಕಾಂತಾಳ ಮುಖ ಹೇಗೆ ನೋಡಲಿ? ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡೆ, ಅವತ್ತು ಬೆಲ್ಲದ ರುಚಿಯೇ ಹತ್ತಲಿಲ್ಲ.

ಕಟ್ಟೆ ಬಿಟ್ಟು ಕದಲಲಿಲ್ಲ. ರಂಗೋಲಿ ಅಳಿಸಿ ಮತ್ತೆ ಹಾಕಿದೆ, ಮತ್ತೆ ಅಳಿಸಿದೆ. ಕಣ್ಣೆಲ್ಲ ಎದುರಿಗೆ. ಈಗ ಎಲ್ಲವೂ ಒಂದೊಂದಾಗಿ ಹೊಳೆಯತೊಡಗಿತು. ಶೇವಂತಾಳ ಮನೆಯವರು ಊರು ಬಿಟ್ಟು ಓಡಿರಲಿಲ್ಲ. ಅವಳ ಮಾವ ಹಾಸಿಗೆ ಹಿಡಿದಿದ್ದ, ಅದಕ್ಕೆ ಉಳಿದರು ಅಂತ ಹೇಳಿದ್ದರು. ನನ್ನ ಬಾಗಿಲು ಮುರಿದಾಗ ಇವಳು ನಾಲ್ಕು ಹೆಜ್ಜೆ ದೂರದಲ್ಲಿ ಇದ್ದಳಲ್ಲ. ನಾನು ಇಡೀ ಊರು ಜಾಲಾಡುವಾಗ ಇವಳು ಒಂದು ದಿನವೂ ಜೊತೆಗೆ ಬರಲಿಲ್ಲ. ಈ ವರ್ಷ ಅವಳ ಕಟ್ಟೆಯ ಸೊಗಸಾದರೂ ಎಷ್ಟು. ಬಾಗಿಲ ಎರಡೂ ಬದಿಗೆ ಸುಣ್ಣದಲ್ಲಿ ಆನೆ ಬರೆದಿದ್ದಾಳೆ, ಆನೆಯ ಬೆನ್ನ ಮೇಲೆ ಹೂವು. ನನ್ನ ಸೀರೆ ಮೆರೆಸಲು ಇಷ್ಟು ಶೃಂಗಾರ.

ವಿಚಿತ್ರವೆಂದರೆ ಅವಳೂ ಕದಲಲಿಲ್ಲ. ಗುಡಿಯ ಬುಡದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಹಬ್ಬದ ದಿನ, ಹೋಳಿಗೆ ಬೇಯಿಸುವ ಹೊತ್ತಿನಲ್ಲಿ, ಯಾರು ಅಕ್ಕಿ ಆರಿಸುತ್ತಾರೆ? ನನ್ನನ್ನು ಕಾಯುತ್ತಿದ್ದಾಳೆ ಅಂದುಕೊಂಡೆ. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು.

ಕಾಂತಾ ಬೇಯಿಸಿದ ಹೋಳಿಗೆಯನ್ನು ಅವಳ ಕೈಯಲ್ಲೇ ಎದುರು ಮನೆಗೆ ಕಳಿಸಿದೆ. ತಿರುಗಿ ಬಂದವಳು ಬಾಗಿಲಲ್ಲೇ ನಿಂತಳು.

"ಅವ್ವಾ, ಶೇವಂತಾ ಕಾಕು ಅಳ್ಲಿಕತ್ತಾಳ."

"ಯಾಕಂತ?"

"ಕೇಳಿದ್ರ ಹೊಗಿ ಅಂದ್ಲು. ಕಟ್ಟಿ ಮ್ಯಾಲ ಎಲ್ಲಿಂದ ಬರ್ತದ ಹೊಗಿ?"

ಅಪರಾಧ ಮಾಡಿದವರು ಅಳದೆ ಇನ್ನೇನು ಮಾಡುತ್ತಾರೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದೆ. ಅವತ್ತು ನಾನು ನುಂಗಿದಷ್ಟು ಮಾತನ್ನು ಹುಟ್ಟಿದಾಗಿನಿಂದ ನುಂಗಿರಲಿಲ್ಲ.

ಮಧ್ಯಾಹ್ನ ಇಳಿದ ಮೇಲೆ ತಡೆಯಲಾಗಲಿಲ್ಲ. ಅರಿಷಿಣ ಕುಂಕುಮದ ಬಟ್ಟಲು ಹಿಡಿದು ದಾಟಿ ಹೋದೆ. ಅವಳಿಗೆ ಕುಂಕುಮ ಹಚ್ಚಿ, ಹಾರ ಜಾರಿದೆ ಅನ್ನುತ್ತ ಗುಡಿಗೆ ಕೈ ಹಾಕಿದೆ. ಕಾಂತಾಳ ನಾಮಕರಣದ ದಿನ ದೀಪದ ಕಿಡಿ ತಾಗಿ ಅಂಚು ಸುಟ್ಟಿತ್ತು. ಕೆಂಪು ದಾರ ಮುಗಿದು ಹಳದಿ ದಾರದಲ್ಲಿ ತೇಪೆ ಹಾಕಿದ್ದೆ, ಹುಣಸೆ ಬೀಜದಷ್ಟು. ಅದು ಅಲ್ಲೇ ಇತ್ತು. ಬೆರಳಲ್ಲಿ ಮುಟ್ಟಿದೆ.

"ನೋಡಿದೇನಕ್ಕಾ?" ಶೇವಂತಾ ಕೇಳಿದಳು.

"ನೋಡ್ದೆ."

ಅಷ್ಟೇ. ತಿರುಗಿ ಬಂದು ಕೂತೆ. ಇಪ್ಪತ್ತು ವರ್ಷದ ಗೆಳತಿ ಕಳ್ಳಿಯಾದರೆ ಯಾರಿಗೆ ಹೇಳಿಕೊಳ್ಳುವುದು? ಹೊತ್ತು ಮುಳುಗಲಿ, ಹಾರ ಹಿಡಿದು ಬರಲಿ, ಓಣಿಯ ಎಲ್ಲರೆದುರು ಒಲ್ಲೆ ಅಂದುಬಿಡುತ್ತೇನೆ ಎಂದು ನಿಶ್ಚಯಿಸಿದೆ.

ಹೊತ್ತು ಮುಳುಗಿತು. ಅವಳು ಗುಡಿ ಇಳಿಸಿದಳು. ಸೀರೆ ಬಿಚ್ಚಿ, ಕೊಡವಿ, ನಾಲ್ಕು ಮಡಿಕೆ ಮಾಡಿ ತಟ್ಟೆಯಲ್ಲಿಟ್ಟಳು. ಮೇಲೆ ಸಕ್ಕರೆ ಹಾರ. ಹಾಗೇ ಎತ್ತಿಕೊಂಡು ಗಲ್ಲಿ ದಾಟಿ ಬಂದು ನನ್ನ ಕಟ್ಟೆಯ ಮೇಲೆ ಇಟ್ಟು ಕೂತಳು.

"ಇದು ನಿಂದು. ತಗೋ."

"ಕದ್ದದ್ದು ತಿರುಗಿ ಕೊಡ್ಲಿಕತ್ತೀ?"

"ಕದ್ದಿಲ್ಲಕ್ಕಾ. ನೀವು ಹೋದ ದಿನಾನೇ, ನಾಳಿ ಬಾಗಲಾ ಮುರೀತಾರ ಅಂತ ಸುದ್ದಿ ಬಂತು. ನಾ ಹಿತ್ತಲಿಂದ ನಿಮ್ಮ ಮನಿ ಹೊಕ್ಕೆ. ಟ್ರಂಕಿನಾಗ ಮ್ಯಾಲೇ ಇದ್ದದ್ದು ಇದೊಂದು ತಂದೆ. ನಿಮ್ಮವ್ವ ಕೊಟ್ಟದ್ದು ಅಂತ ಗೊತ್ತಿತ್ತು."

"ಹಂಗಾರ ನಾ ಬಂದ ದಿನಾ ಯಾಕ ಕೊಡ್ಲಿಲ್ಲ? ಒಂದೂವರೆ ವರ್ಷ ಯಾಕ ಮುಚ್ಚಿಟ್ಟೀ?"

ಅವಳು ನನ್ನ ಮುಖ ನೋಡಿದಳು. "ಕೊಡಬೇಕಂತ ಸೀರಿ ಕೈಯಾಗ ಹಿಡಕೊಂಡು ಬಾಗಲಕ್ಕ ಬಂದಿದ್ದೆ. ನೀ ಗಾಡಿ ಇಳದು, ಖಾಲಿ ಟ್ರಂಕ್ ನೋಡಿ, ಇದೇ ಓಣ್ಯಾಗ ನಿಂತು ಹಿಡಿ ಮಣ್ಣು ತೂರಿ ಏನಂದೀ, ನೆನಪದನ?"

ನೆನಪಿತ್ತು. ನನ್ನ ಸೀರೆ ಯಾರ ಮನೆಯಲ್ಲಿದೆಯೋ ಆ ಮನೆ ಹಾಳಾಗಲಿ, ಆ ಮನೆಯ ಕುಡಿ ಮಣ್ಣಾಗಲಿ ಅಂದಿದ್ದೆ. ಒಂದು ಸಲ ಅಲ್ಲ, ಮೂರು ದಿನ ಅಂದಿದ್ದೆ.

"ಸೀರಿ ನನ್ನ ಮನ್ಯಾಗ ಇತ್ತು," ಶೇವಂತಾ ಅಂದಳು. "ಆ ವಾರಾನೇ ರೇವಣಪ್ಪಗ ಜ್ವರಾ ಬಂತು. ಇಪ್ಪತ್ತೊಂದು ದಿನ. ತಂದ್ರ ಕಳ್ಳಿ ಅಂತಿ, ಇಟಗೊಂಡ್ರ ಮಗ ಹೋಗ್ತಾನ. ಯಾರಿಗಿ ಹೇಳ್ಲಿ? ಹೋದ ಪಾಡ್ವಾಕ್ಕ ಧೈರ್ಯ ಆಗ್ಲಿಲ್ಲ, ಈ ಪಾಡ್ವಾ ಕಾದೆ. ಇವತ್ತ ನೀ ಕೆಟ್ಟ ಮಾತು ಆಡಂಗಿಲ್ಲ. ಎಲ್ಲಾರ ಮುಂದ ಕಾಣಂಗ ಏರಸೀನಿ. ನೀ ನೋಡ್ದಿ, ಬೈಲಿಲ್ಲ. ಶಾಪ ಇಳೀತು ಅನಕೊಂಡೀನಿ."

ಇಷ್ಟು ಕೇಳಿಯೂ ನನ್ನ ಹಾಳು ಬುದ್ಧಿ ಹೋಗಲಿಲ್ಲ. "ಮತ್ತ ಉಳಿದ ಸಾಮಾನಾ?" ಅಂದುಬಿಟ್ಟೆ.

ಶೇವಂತಾ ತಲೆಯೆತ್ತಿ ನನ್ನ ಗುಡಿ ನೋಡಿದಳು. ಎದುರಿನದನ್ನೇ ನೋಡುತ್ತ ನನ್ನದನ್ನು ಇಳಿಸುವುದನ್ನೇ ಮರೆತಿದ್ದೆ.

"ಹೊತ್ತು ಮುಳಗೇದ, ಇಳಸೂಣ ಬಾ," ಅಂದು ತಾನೇ ಗಳ ಬಾಗಿಸಿದಳು. ತಂಬಿಗೆ ಕೈಗೆ ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗಿನಿಂದ ಒರೆಸಿ, ಕಂಠದ ಮೇಲಿನ ಚುಕ್ಕೆಗಳ ಮೇಲೆ ಬೆರಳಾಡಿಸಿದಳು.

"ಮಾಲನಬಿ ಇದನ್ನ ದಿನಾ ಹುಣಸಿಹಣ್ಣು ಹಚ್ಚಿ ತಿಕ್ಕತಿದ್ಲು," ಅಂದಳು. ಅಂದು ನನ್ನ ಕೈಗೆ ಕೊಟ್ಟಳು. ಕುಹಕವಿರಲಿಲ್ಲ, ಸಿಟ್ಟೂ ಇರಲಿಲ್ಲ. ನೆನಪು ಬಂತು, ಹೇಳಿದಳು. ಆಮೇಲೆ ಒಳಗೆ ತಿರುಗಿ, "ಕಾಂತಾ, ಬಾ ಮಗಳ," ಎಂದು ಕರೆದಳು.

ತಂಬಿಗೆಯನ್ನು ಸೆರಗಿನಡಿ ಸರಿಸಿದೆ. ಈ ಒಂದೂವರೆ ವರ್ಷ ಶೇವಂತಾ ನನ್ನ ಮನೆಗೆ ಬಂದಾಗಲೆಲ್ಲ ಅದೇ ತಂಬಿಗೆಯಲ್ಲಿ ನೀರು ಕೊಟ್ಟಿದ್ದೆ. ಯಾರದೆಂದು ಗೊತ್ತಿದ್ದೂ ಕುಡಿದಿದ್ದಳು, ಒಂದು ದಿನವೂ ಒಂದು ಮಾತು ಅಂದಿರಲಿಲ್ಲ. ಕಳ್ಳರ ಮನೆಗೆ ಮಗಳನ್ನು ಕೊಡಲೇ ಎಂದು ನಾನು ಬೆಳಗಿನಿಂದ ಕೂತು ತೂಗಿದೆ. ಎಂಥ ಮನೆಯಿಂದ ಸೊಸೆ ತರುತ್ತಿದ್ದೇನೆ ಎಂಬುದು ಅವಳಿಗೆ ಯಾವತ್ತೋ ಗೊತ್ತಿತ್ತು.

ಕಾಂತಾ ಬಂದು ತಲೆ ಬಗ್ಗಿಸಿದಳು. ಶೇವಂತಾ ಹಾರ ಹಿಡಿದು ನನ್ನ ಹೂಂಗಾಗಿ ಕಾದಳು. ಆಗಲಿ ಎಂದು ತಲೆ ಆಡಿಸಿದೆ.

ನಾನು ತಿರುಗಿ ಬಂದೆ, ಅದಕ್ಕೆ ನನ್ನ ಸೀರೆ ನನಗೆ ಸಿಕ್ಕಿತು. ಮದುವೆಯಲ್ಲಿ ಕಾಂತಾ ಅದನ್ನೇ ಉಟ್ಟಳು. ಮಾಲನಬಿ ಬಂದಿಲ್ಲ. ಹೈದರಾಬಾದಿನಲ್ಲಿ ಎಲ್ಲಿದ್ದಾಳೆಂದು ಬಲ್ಲವರೂ ಇಲ್ಲ. ಅವಳ ಮನೆಯ ಗೋಡೆ ಮಳೆಗೆ ಕುಸಿಯುತ್ತಿದೆ. ನಮ್ಮ ಕಟ್ಟೆಯ ಮೇಲಿಂದ ಹೈದರಾಬಾದಿನ ದೊಡ್ಡ ರಸ್ತೆ ಕಾಣುತ್ತದೆ. ಪ್ರತಿ ಪಾಡ್ಯಕ್ಕೆ ಕಟ್ಟೆ ಸಾರಿಸಿ, ಕೆಮ್ಮಣ್ಣು ಬಳಿದು, ಆ ತಂಬಿಗೆಯನ್ನು ಅಕ್ಷರ ರಸ್ತೆಯ ಕಡೆ ಮಾಡಿ ಗುಡಿಗೆ ಏರಿಸುತ್ತೇನೆ. ಬಸ್ಸಿನಿಂದ ಯಾವಳಾದರೂ ಇಳಿದು ಇತ್ತ ತಲೆಯೆತ್ತಿ ನೋಡಿದರೆ ಮಾಲನಬಿಯೇ ಬಂದಳೇನೋ ಅನ್ನಿಸುತ್ತದೆ. ಇವತ್ತು ಪಾಡ್ಯ, ಅವಳ ಬಾಯಿಂದ ಕೆಟ್ಟ ಮಾತು ಬರದಿರಲಿ ಎಂದು ಕೈ ಮುಗಿದು ನಿಲ್ಲುತ್ತೇನೆ.